ಹಿಂದಿನ ಗಾಲಿ ಜಾರುತ್ತಿದೆಯೇ? ಸಲಕರಣೆಯ ಭಾರವನ್ನೇ ಬಳಸಿ

ಟ್ರ್ಯಾಕ್ಟರ್ ಗಾಲಿ ಜಾರಿದ ಕೂಡಲೇ ಕಬ್ಬಿಣದ ತೂಕ ಹಾಕಿಸುತ್ತೇವೆ, ಇಲ್ಲವೇ ಟೈರಿಗೆ ನೀರು ತುಂಬಿಸುತ್ತೇವೆ. ತಪ್ಪೇನಲ್ಲ. ಆದರೆ ಖಾಲಿ ಓಡಾಡುವಾಗಲೂ ಆ ತೂಕ ಹೊರಬೇಕು, ಡೀಸೆಲ್ ಸುಮ್ನೆ ಉರಿಯುತ್ತದೆ. ಹಿಂದೆ ಕಟ್ಟಿದ ಸಲಕರಣೆಯ ಭಾರವನ್ನೇ ಬೇಕಾದಾಗ ಮಾತ್ರ ಗಾಲಿಯ ಮೇಲೆ ತರಬಹುದಲ್ವಾ? ಟ್ರ್ಯಾಕ್ಟರ್ ಎಂಜಿನಿಯರ್ ಹ್ಯಾರಿ ಫರ್ಗುಸನ್ ಅವರ ಮೂರು ಕೊಂಡಿಯ ಹೈಡ್ರಾಲಿಕ್ ಹಿಚ್ (ಸಲಕರಣೆ ಕಟ್ಟುವ ಜೋಡಣೆ) ಹಿಂದಿನ ಲೆಕ್ಕವೂ ಇದೇ. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ ಅದು ಇತ್ತು.

ಮೊದಲು ಜಾರುವಿಕೆ ಅಳೆಯಿರಿ. ಹಿಂದಿನ ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಸಲಕರಣೆ ಎತ್ತಿಕೊಂಡು ಗಾಲಿ 10 ಸುತ್ತು ಹೋದ ದೂರ ಅಳೆಯಿರಿ. ಅದೇ ಹೊಲದಲ್ಲಿ ಉಳುತ್ತಾ ಮತ್ತೆ 10 ಸುತ್ತು. ಮೊದಲು 40 ಮೀಟರ್, ಆಮೇಲೆ 32 ಮೀಟರ್ ಬಂದರೆ ಜಾರುವಿಕೆ ಶೇ 20. ಇದು ಜಾಸ್ತಿಯಾಯಿತು. ಉತ್ತ ಮಣ್ಣಿನಲ್ಲಿ ಶೇ 10ರಿಂದ 15 ಇದ್ದರೆ ಸಾಕು.

ಮೂರು ಕೊಂಡಿಗೆ ಕಟ್ಟಿದ ನೇಗಿಲಾದರೆ ಹೊಸದೇನೂ ಬೇಡ. ಕೊಂಡಿಯನ್ನು ಒಂದೇ ಎತ್ತರದಲ್ಲಿ ಹಿಡಿಯುವ ಪೊಸಿಷನ್ ಕಂಟ್ರೋಲ್ ಬಿಟ್ಟು, ಎಳೆತದ ಭಾರ ನೋಡಿ ಎತ್ತಿಳಿಸುವ ಡ್ರಾಫ್ಟ್ ಕಂಟ್ರೋಲ್‌ನಲ್ಲಿ ಉಳುಮೆ ಮಾಡಿ. ಮಣ್ಣು ಗಟ್ಟಿಯಾದಾಗ ಹೈಡ್ರಾಲಿಕ್ ನೇಗಿಲನ್ನು ಚೂರು ಎತ್ತುತ್ತದೆ. ಆಗ ನೇಗಿಲಿನ ಭಾರದ ಒಂದು ಪಾಲು ಹಿಂದಿನ ಗಾಲಿಗೆ ಬರುತ್ತದೆ.

ತನ್ನದೇ ಗಾಲಿಯ ಮೇಲೆ ಓಡುವ ಹ್ಯಾರೋ, ಟ್ರೈಲರ್‌ಗಳದ್ದು ಬೇರೆ ಕಥೆ. ಭಾರ ವರ್ಗಾಯಿಸುವ ಹಿಚ್ ಬೇಕಾಗುವುದು ಇಲ್ಲೇ. ಎರಡು ಲೋವರ್ ಲಿಂಕ್‌ಗಳ (ಕೆಳಗಿನ ಕೊಂಡಿಗಳ) ನಡುವಿನ ಚೌಕಟ್ಟಿನಿಂದ ಒಂದು ಸರಪಳಿ ಸಲಕರಣೆಯ ಮೂಕಿಗೆ ಹೋಗುತ್ತದೆ. ಇದರ ಕೆಲಸ ಮೇಲಕ್ಕೆ ಎತ್ತುವುದು ಮಾತ್ರ. ಎಳೆಯುವುದು ಎಂದಿನಂತೆ ಡ್ರಾಬಾರ್ (ಟ್ರ್ಯಾಕ್ಟರಿನ ಹಿಂದಿನ ಎಳೆಯುವ ಪಟ್ಟಿ) ಪಿನ್ನೇ. ಲಿಫ್ಟ್‌ಗೆ ಪ್ರೆಶರ್ ಕಂಟ್ರೋಲ್ ಇರಲೇಬೇಕು. ಅದು ಸರಪಳಿಯ ಬಿಗಿಯನ್ನು ಒಂದೇ ಸಮ ಇಡುತ್ತದೆ. ನೆಲ ಉಬ್ಬು-ತಗ್ಗಾದರೆ ಕೊಂಡಿಯೂ ಏರಿಳಿಯುತ್ತದೆ. ಪೊಸಿಷನ್ ಕಂಟ್ರೋಲ್‌ನಲ್ಲಿ ಇಟ್ಟರೆ ಕೊಂಡಿ ಒಂದೇ ಎತ್ತರದಲ್ಲಿ ನಿಂತು, ಪ್ರತಿ ಹಳ್ಳದಲ್ಲೂ ಸರಪಳಿ ಜಗ್ಗುತ್ತದೆ.

ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಕಟ್ಟಿ. ಪಿಟಿಒ ಶಾಫ್ಟ್‌ಗೆ (ಎಂಜಿನ್ ಶಕ್ತಿಯನ್ನು ಸಲಕರಣೆಗೆ ಕೊಡುವ ತಿರುಗುವ ದಂಡ) ಸರಪಳಿ ತಾಗಬಾರದು. ಕಡಿಮೆ ಒತ್ತಡದಿಂದ ಶುರು ಮಾಡಿ, ಓಡುತ್ತಾ ಸ್ವಲ್ಪ ಸ್ವಲ್ಪ ಏರಿಸಿ. ಹ್ಯಾರೋ ಮೇಲುಮೇಲೆ ಕೆರೆಯಲು ಶುರುವಾದರೆ ಅದರ ಭಾರ ಜಾಸ್ತಿ ಕಸಿದಿದ್ದೀರಿ ಎಂದರ್ಥ. ಹೊಲದ ತುದಿಯಲ್ಲಿ ತಿರುಗಿಸುವ ಮುನ್ನ ಒತ್ತಡ ಇಳಿಸಿ, ಇಲ್ಲದಿದ್ದರೆ ಸರಪಳಿ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.

ಮುಂದಿನ ಗಾಲಿಯ ಮೇಲೆ ಕಣ್ಣಿರಲಿ. ಹಿಂದಕ್ಕೆ ಭಾರ ಬಂದಷ್ಟೂ ಮುಂಭಾಗ ಹಗುರಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೆಟ್ಟಗೇ ಹೋಗುತ್ತಿದ್ದರೆ ಒತ್ತಡ ಇಳಿಸಿ ಅಥವಾ ಮುಂದೆ ತೂಕ ಹಾಕಿ. ಟಾಪ್ ಲಿಂಕ್‌ಗೋ (ಮೇಲಿನ ಕೊಂಡಿ) ಆಕ್ಸಲ್‌ಗೋ ಕಟ್ಟಿ ಎಳೆಯುವುದಂತೂ ಬೇಡವೇ ಬೇಡ. ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡ್ ಸಾಕು, ಕ್ಲಚ್ ಒತ್ತಲೂ ಸಮಯ ಸಿಗುವುದಿಲ್ಲ.

ಎಲ್ಲ ಹೊಂದಿಸಿದ ಮೇಲೆ 10 ಸುತ್ತಿನ ಅಳತೆ ಮತ್ತೆ ಮಾಡಿ. ಜಾರುವಿಕೆ ತೀರಾ ಕಡಿಮೆಯಾಗಿದ್ದರೆ ಹಿಂದಿನ ಗಾಲಿಗೆ ಹಾಕಿಸಿದ್ದ ಕಬ್ಬಿಣದ ತೂಕವನ್ನು ಒಂದೊಂದಾಗಿ ಬಿಚ್ಚಬಹುದು.