ಬೆನ್ನಿನ ಆಪರೇಷನ್ ಆದವರ ಫಾಲೋಅಪ್: ಮೊಬೈಲಿನಲ್ಲಿ ನಾನು ನೋಡುವುದು ಹೀಗೆ

ಮೈಸೂರಿನಲ್ಲೋ ಮಂಗಳೂರಿನಲ್ಲೋ ಡಿಸ್ಕ್ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಜುಲೈ ಮಳೆಯಲ್ಲಿ ತೋಟದ ಮನೆಯಿಂದ ಮಡಿಕೇರಿಗೆ ಜೀಪಿನಲ್ಲಿ ಕುಲುಕಿಸಿ ಕರೆಸುವುದು ನನಗೆ ಸರಿಕಾಣುವುದಿಲ್ಲ. ಅದಕ್ಕೇ ಫಿಸಿಯೋಥೆರಪಿ ಫಾಲೋಅಪ್ ಅರ್ಧದಷ್ಟು ಮೊಬೈಲಿನಲ್ಲೇ. ದುಬಾರಿ ಆ್ಯಪ್ ಬೇಕಿಲ್ಲ. ಕ್ಯಾಮೆರಾ, ಹೆಜ್ಜೆ ಎಣಿಸುವ ಆ್ಯಪ್, ವಾಟ್ಸಾಪ್ ಸಾಕು.

ಹೊಲಿಗೆಯ ಫೋಟೊ ಹಗಲಲ್ಲಿ, ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಫ್ಲ್ಯಾಶ್ ಬಿದ್ದರೆ ಚರ್ಮ ಹೊಳೆದು ಕೆಂಪು ಕಾಣುವುದಿಲ್ಲ. ಬ್ಯೂಟಿ ಮೋಡ್ ಇನ್ನೂ ಮೋಸ, ಕೆಂಪನ್ನೇ ಒರೆಸಿಬಿಡುತ್ತದೆ. ಒಂದು ಅಡಿ ದೂರದಿಂದ ಒಂದು, ಇಡೀ ಬೆನ್ನು ಕಾಣುವಂತೆ ಇನ್ನೊಂದು. ಗಾಯಕ್ಕೆ ತಾಗದಂತೆ ಪಕ್ಕದಲ್ಲಿ ಮಕ್ಕಳ ಸ್ಕೇಲ್ ಹಿಡಿದರೆ ಕೆಂಪು ಎಷ್ಟು ಹರಡಿದೆ ಎಂದು ಮೊನ್ನೆಯ ಫೋಟೊ ಜೊತೆ ಹೋಲಿಸಬಹುದು. ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನುತ್ತೇನೆ. ಸುಮ್ಮನೆ ಫೋಟೊ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಬಿಸಿ, ವಾಸನೆ ಫೋಟೊದಲ್ಲಿ ಬರುವುದಿಲ್ಲವಲ್ಲ, ಅದನ್ನು ಕೇಳಿಯೇ ತಿಳಿಯಬೇಕು: ಜ್ವರ ಇದೆಯಾ, ಬಟ್ಟೆ ಒದ್ದೆಯಾಗುತ್ತಿದೆಯಾ? ನೀರಿನಂಥ ದ್ರವ ಸೋರಿ, ಎದ್ದು ಕೂತರೆ ತಲೆನೋವು, ಮಲಗಿದರೆ ಕಡಿಮೆ ಎಂದರೆ ಬೆನ್ನುಹುರಿಯ ಪೊರೆ ಸೋರುತ್ತಿರಬಹುದು. ಸರ್ಜನ್‌ಗೆ ಅವತ್ತೇ ತಿಳಿಸಬೇಕು.

ಹೆಜ್ಜೆ ಲೆಕ್ಕವನ್ನು ಪೂರ್ತಿ ನಂಬಬೇಡಿ. ಸೀರೆಗೆ ಜೇಬಿಲ್ಲ, ಫೋನು ಸಿಗ್ನಲ್ ಸಿಗುವ ಒಂದೇ ಕಿಟಕಿಯ ಮೇಲೆ ಕೂತಿರುತ್ತದೆ. “ಅಕ್ಕಾ, ಇವತ್ತು ಬರೀ 300 ಹೆಜ್ಜೆನಾ?” ಎಂದರೆ “ಜಗಲೀಲಿ ಅರ್ಧ ಗಂಟೆ ನಡೆದೆ, ಫೋನು ಚಾರ್ಜಿಗಿತ್ತು” ಎನ್ನುತ್ತಾರೆ. ಸೊಂಟದ ಪಟ್ಟಿಗೆ ಸಣ್ಣ ಚೀಲ ಹೊಲಿಸಿದರೆ ಸಮಸ್ಯೆ ತೀರಿತು. ವಾಕರ್ ಹಿಡಿದು ನಿಧಾನವಾಗಿ ನಡೆಯುವವರ ಹೆಜ್ಜೆ ಆ್ಯಪಿಗೆ ಸಿಕ್ಕುವುದೇ ಕಷ್ಟ, ಅವರಿಗೆ ಗಡಿಯಾರವೇ ಮೇಲು.

ಬೆನ್ನುನೋವು ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಗಿದೆ ಎಂದು ಅಳೆಯುವ ಆಸ್ವೆಸ್ಟ್ರಿ ಪ್ರಶ್ನಾವಳಿಯಲ್ಲಿ 10 ಪ್ರಶ್ನೆ, ಒಂದೊಂದಕ್ಕೆ 0ರಿಂದ 5 ಅಂಕ. ಲೈಂಗಿಕ ಜೀವನದ ಪ್ರಶ್ನೆಯನ್ನು ಬಹಳ ಜನ ಖಾಲಿ ಬಿಡುತ್ತಾರೆ. ಖಾಲಿಯನ್ನು ಸೊನ್ನೆ ಎಂದು ಎಣಿಸಿ 50ರಿಂದ ಭಾಗಿಸಿದರೆ 18 ಅಂಕ 36 ಶೇಕಡಾ ಆಗುತ್ತದೆ. ಉತ್ತರಿಸಿದ 9 ಪ್ರಶ್ನೆಗಳ ಪೂರ್ಣ ಅಂಕ 45ರಿಂದ ಭಾಗಿಸಿದರೆ 40, ಅದೇ ಸರಿಯಾದ ಲೆಕ್ಕ. ಈ ಅಂಕ ಕೂಡಲು ಆ್ಯಪ್ ಬಳಸುತ್ತಿದ್ದರೆ ಅದು ಯಾವುದನ್ನು ಮಾಡುತ್ತದೆ ಎಂದು ಒಮ್ಮೆ ಕೈಲೆಕ್ಕ ಹಾಕಿ ನೋಡಿ.

ಮೂತ್ರ ಕಟ್ಟುವುದು, ತೊಡೆಸಂದಿ-ಗುದದ ಸುತ್ತ ಜೋಮು, ಪಾದ ಎತ್ತಲಾಗದಿರುವುದು, ಇವಕ್ಕೆ ಮೆಸೇಜು ಬೇಡ. ಕರೆಂಟು ಹೋಗಿ ಟವರ್ ಕೈಕೊಟ್ಟ ರಾತ್ರಿ ಅದು ಒಂದೇ ಟಿಕ್ಕಿನಲ್ಲಿ ನಿಂತಿರುತ್ತದೆ. ಬೆನ್ನಿನ ಸರ್ಜನ್ ಇರುವ ಆಸ್ಪತ್ರೆಗೆ ಬೆಳಗಾಗುವುದನ್ನು ಕಾಯದೆ ಹೊರಡಬೇಕು.