ದುರಸ್ತಿ ಅರ್ಧಕ್ಕೆ ನಿಂತ ಹಳೇ ಲಾರಿ ಮಾರುವುದು ಹೇಗೆ?

ಬಿಚ್ಚಿಟ್ಟ ಲಾರಿ ಮಾರಲು ಹೊರಟವರು ಮೊದಲು ಬಣ್ಣ ಹೊಡೆಸುತ್ತಾರೆ. ಅದು ದಂಡ. ಹೊಸ ಬಣ್ಣ ಕಂಡರೆ ಕೊಳ್ಳುವವನಿಗೆ ಪುಟ್ಟಿಯಡಿ (ತೂತು ಮುಚ್ಚುವ ಲೇಪದ ಕೆಳಗೆ) ತುಕ್ಕಿನ ಅನುಮಾನ. ಅಯಸ್ಕಾಂತ ತೆಗೆದು ಬಾಗಿಲಿನ ಕೆಳ ಅಂಚಿಗೆ ಹಿಡಿದೇ ಹಿಡಿಯುತ್ತಾನೆ; ಪುಟ್ಟಿಗೆ ಅದು ಅಂಟದು. ಕಾಗದಪತ್ರದಿಂದ ಶುರು ಮಾಡಿ.

ಆರ್‌ಸಿ (ನೋಂದಣಿ ಪತ್ರ) ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ತನ್ನಿ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35. ಮಾರಾಟಕ್ಕೆ ಫಾರಂ 29 ಮತ್ತು 30, ಹೊರ ರಾಜ್ಯಕ್ಕಾದರೆ ನಿರಾಕ್ಷೇಪಣಾ ಪತ್ರಕ್ಕೆ (ಎನ್‌ಒಸಿ) ಫಾರಂ 28. ಮೈಸೂರಾಗಲಿ ಮಂಡ್ಯವಾಗಲಿ, ದಾಖಲೆ ಇರುವ ಆರ್‌ಟಿಒದಲ್ಲಿ ಬಾಕಿ ತೆರಿಗೆ ವಿಚಾರಿಸಿ. ಚಾಸಿ (ಲಾರಿಯ ಚೌಕಟ್ಟು) ಮೇಲೆ ಕೊರೆದ ನಂಬರನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕಾಗದವಿಟ್ಟು ಪೆನ್ಸಿಲ್ ಅಚ್ಚು ತೆಗೆಯಿರಿ. ಗ್ರೈಂಡರ್ ಮುಟ್ಟಿಸಬೇಡಿ: ಅಂಕಿ ಸವೆದರೆ ಕದ್ದ ಗಾಡಿಯ ಗುಮಾನಿ ಬರುತ್ತದೆ.

‘ವಿಂಟೇಜ್ ನಂಬರ್ (ಹಳೇ ಗಾಡಿಗಳ ವಿಶೇಷ ನೋಂದಣಿ) ಸಿಗುತ್ತೆ’ ಎಂದು ಆಸೆ ತೋರಿಸಬೇಡಿ. 2021ರ ನಿಯಮ 50 ವರ್ಷ ದಾಟಿದ ಬೈಕು, ಕಾರುಗಳಿಗೆ, ಸರಕು ಲಾರಿಗಲ್ಲ.

ಬೆಲೆಯ ತಳ ಗೊತ್ತಾಗಬೇಕಾದರೆ ವೇಬ್ರಿಡ್ಜ್‌ನಲ್ಲಿ ತೂಗಿಸಿ, ಗುಜರಿಯ ಕಿಲೋ ದರದಿಂದ ಗುಣಿಸಿ. ಅದರ ಮೇಲೆ ಸಿಗುವುದೆಲ್ಲ ಬಿಡಿಭಾಗಗಳ ಪೂರ್ಣತೆಗೆ. ಟಾಟಾ ಕಂಪನಿ ಜರ್ಮನಿಯ ಬೆಂಜ್ ಜತೆಗಿನ ಒಪ್ಪಂದದಲ್ಲಿ ಲಾರಿ ಮಾಡುತ್ತಿದ್ದ ಕಾಲದ (1954–69) ಗಾಡಿಯಾದರೆ ಮುಂಗ್ರಿಲ್‌ನ ಬೆಂಜ್ ನಕ್ಷತ್ರ, ಮೀಟರ್ ಪ್ಯಾನೆಲ್, ಗಾಜಿನ ರಬ್ಬರ್ ಇವೆಯೇ ನೋಡಿ. ಎಂಜಿನ್ ಕೆಲಸಕ್ಕೆ ಮಿಸ್ತ್ರಿ ಸಿಕ್ಕಾನು, ಇವು ಸಿಗುವುದು ಕಷ್ಟ. ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ಹಾಕಿ ಯಾವ ಭಾಗದ್ದೆಂದು ಚೀಟಿ ಕಟ್ಟಿ. ಬೋಲ್ಟುಗಳೆಲ್ಲ ಒಂದೇ ಡಬ್ಬದಲ್ಲಿದ್ದರೆ ಕೊಳ್ಳುವವನು ಕಣ್ಣುಮುಚ್ಚಿ ಬೆಲೆ ಇಳಿಸುತ್ತಾನೆ, ಅದು ನ್ಯಾಯವೇ.

ಎಂಜಿನ್ ತಿರುಗುತ್ತದೋ ಜಾಮ್ ಆಗಿದೆಯೋ ಎಂಬುದೇ ದೊಡ್ಡ ಪ್ರಶ್ನೆ. ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಿ, ಪ್ರತಿ ಸಿಲಿಂಡರ್‌ಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ನೆನೆಯಲು ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಿ. ಬಿಗಿಯಾದರೆ ನಿಲ್ಲಿಸಿ, ಸ್ಪ್ಯಾನರ್‌ಗೆ ಪೈಪ್ ಸೇರಿಸಿ ಎಳೆದರೆ ಪಿಸ್ಟನ್ ರಿಂಗ್ ಮುರಿಯಬಹುದು. ವರ್ಷಗಟ್ಟಲೆ ಟ್ಯಾಂಕಿನಲ್ಲಿದ್ದ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ ತೋರಿಸುವ ಉಮೇದು ಬೇಡ. ಅದರಲ್ಲಿ ಸೇರಿದ ನೀರು ಡೀಸೆಲ್ ಪಂಪಿನ ಪ್ಲಂಜರ್ (ಒಳಗಿನ ಒತ್ತುಗಡ್ಡಿ) ತಿನ್ನುತ್ತದೆ.

ಜಾಹೀರಾತಿನಲ್ಲಿ ‘ಸಣ್ಣಪುಟ್ಟ ಕೆಲಸ ಬಾಕಿ’ ಎಂದು ಬರೆಯಬೇಡಿ. ಏನಾಗಿದೆ, ಏನಾಗಿಲ್ಲ, ಏನು ಕಳೆದಿದೆ, ಮೂರು ಪಟ್ಟಿ ಕೊಡಿ. ಕ್ಯಾಬಿನ್ ನೆಲ, ಕ್ಯಾಬ್ ಮೌಂಟ್ (ಕ್ಯಾಬಿನ್ ಚಾಸಿಗೆ ಕೂರುವ ಜಾಗ) ತುಕ್ಕಿನ ಫೋಟೊ ಹಾಕಿ. ದೂರದಿಂದ ಬಂದವನು ವಾಪಸ್ ಹೋಗುವುದು ತುಕ್ಕು ಕಂಡು ಅಲ್ಲ, ಮುಚ್ಚಿಟ್ಟದ್ದು ಕಂಡು.

ಸಾಗಣೆಗೆ ಲೋ-ಬೆಡ್ ಟ್ರೈಲರ್ ಕರೆಸುವ ಮುನ್ನ ಜಾಮ್ ಆಗಿ ಹಿಡಿದ ಬ್ರೇಕ್ ಶೂ ಸಡಿಲಿಸಿ, ಟೈರಿಗೆ ಗಾಳಿ ತುಂಬಿ. ಚಕ್ರ ಉರುಳದಿದ್ದರೆ ಕ್ರೇನ್ ಬಾಡಿಗೆ ಮೈಮೇಲೆ ಬೀಳುತ್ತದೆ. ಗಾಡಿ ರಾಜ್ಯದೊಳಗೇ ಹೋದರೆ 14 ದಿನದೊಳಗೆ ಫಾರಂ 29 ಆರ್‌ಟಿಒಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವರ್ಗಾವಣೆ ಆಗುವತನಕ ದಾಖಲೆಯಲ್ಲಿ ಮಾಲೀಕರು ನೀವೇ.