ಹಳೆ ನಗರದ ಎಚಿಂಗ್ ಚಿತ್ರ ಸಿಕ್ಕರೆ ಹೀಗೆ ನೋಡಿ
ಎಚಿಂಗ್ ಅಂದರೆ ಲೋಹದ ತಗಡಿನಲ್ಲಿ ಕೊರೆದ ಗೆರೆಗಳಿಗೆ ಶಾಯಿ ತುಂಬಿ ಕಾಗದಕ್ಕೆ ಅಚ್ಚೊತ್ತಿದ ಚಿತ್ರ. ಮೊದಲು ದೂರ ನಿಂತು ಕಟ್ಟಡ ನೋಡಿ, ಆಮೇಲೆ ಹತ್ತಿರ ಹೋಗಿ ಬರೀ ಗೆರೆಗಳನ್ನು ನೋಡಿ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲಿ ಮುಳುಗಿಸುತ್ತಾರೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳವಾಗುತ್ತದೆ, ಅಚ್ಚಿನಲ್ಲಿ ಕಪ್ಪಾಗಿ ಬರುತ್ತದೆ. ಇಟಲಿಯ ಕಲಾವಿದ ಪಿರನೇಸಿ (1720–1778) ಮಾಡಿದ ರೋಮ್ ನಗರದ ಚಿತ್ರಗಳಲ್ಲಿ ಕಮಾನಿನ ಒಳಗೆ ಗೆರೆ ಮೇಲೆ ಗೆರೆ ಹೆಣೆದ ಕತ್ತಲೆ, ದೂರದ ಗೋಡೆಗೆ ಕೂದಲೆಳೆಯಂಥ ಗೆರೆ. ಮೂಲೆಯಲ್ಲಿರುವ ಪುಟ್ಟ ಮನುಷ್ಯರನ್ನು ಬಿಡಬೇಡಿ, ಅವರು ಪಕ್ಕದಲ್ಲಿದ್ದರೆ ತಾನೇ ಕಂಬದ ಎತ್ತರ ಗೊತ್ತಾಗೋದು, ಅಲ್ವಾ?

ಬೆಳಕು ಓರೆಯಾಗಿ ಬೀಳುವಂತೆ ನೋಡಿದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದಕ್ಕೆ ಒತ್ತಿದ ಗುರುತು ಕಾಣುತ್ತದೆ. ನನಗಂತೂ ಅದು ಕಂಡರೆ ತುಂಬಾ ಖುಷಿ. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುವುದರಿಂದ, ಕೆಲವು ಚಿತ್ರಗಳಲ್ಲಿ ಇಡೀ ಬೀದಿಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ.